ಬಿಸ್ನೀರು ಚರ್ಚಿನ ಪಾಸ್ಟರಮ್ಮ

ಮೊನ್ನೆ ಮಂಡ್ಯದ ನಮ್ಮ ಬೀದಿಯಲ್ಲಿ ಬೆಳಗ್ಗೆ ಬೆಳಗ್ಗೆಯೇ ಕರೆಂಟು ಹೋಯಿತು. ಗೀಸರನ್ನೇ ನಂಬಿಕೊಂಡಿದ್ದವರೆಲ್ಲ ಟವಲು ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತು ಕರೆಂಟಿನವರನ್ನು ಬಯ್ಯುತ್ತಿದ್ದರು. ನಮ್ಮ ಮನೆ ಹಿಂದುಗಡೆಯ ಮನೆಯ ಅಜ್ಜಿ ಮಾತ್ರ ಯಾರನ್ನೂ ಬಯ್ಯದೆ ಹಿತ್ತಲಿನ ಒಲೆಗೆ ಒಣಗಿದ ಎಳನೀರು ಬುರುಡೆ ತುಂಬಿ ಬೆಂಕಿ ಹಾಕಿದರು. ಆ ಹೊಗೆ ನಮ್ಮ ಅಡುಗೆಮನೆ ಕಿಟಕಿಯಿಂದ ಒಳಗೆ ಬಂತು. ಎಳನೀರು ಬುರುಡೆಯ ಹೊಗೆಗೆ ಸೌದೆಯ ಹೊಗೆಯ ವಾಸನೆ ಇರುವುದಿಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಕಣ್ಣಿಗೆ ಮಾತ್ರ ಪೂರಾ ಉರಿ. ನನ್ನ ಗಂಡ ಕೆಮ್ಮುತ್ತಾ ಕಿಟಕಿ ಮುಚ್ಚಲು ಬಂದವರು ಮೂಗರಳಿಸಿ ಒಂದು ಗಳಿಗೆ ನಿಂತರು. ಆಮೇಲೆ “ಬುಡು, ತೆಗ್ದೇ ಇರ್ಲಿ” ಎಂದು ನನ್ನ ಪಕ್ಕದಲ್ಲೇ ಕೂತರು. ನಮ್ಮಿಬ್ಬರಿಗೂ ನೆನಪಾದದ್ದು ಒಬ್ಬರೇ... ನಮ್ಮ ಪಾಸ್ಟರಮ್ಮ.

ನಾನು ಹೇಳುತ್ತಿರುವುದು ಹದಿನೈದು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಮ್ಮ ಮನೆ ಮದ್ದೂರಿನಲ್ಲಿತ್ತು. ಪಾಸ್ಟರಮ್ಮ ಎಂದರೆ ಅಲ್ಲಿನ ನಮ್ಮ ಪುಟ್ಟ ಚರ್ಚಿನ ಪಾಸ್ಟರ ಹೆಂಡತಿ. ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಆ ಹೆಸರಿನಿಂದ ಕರೆದವರನ್ನು ನಾನು ನೋಡಿಲ್ಲ. ಮಳವಳ್ಳಿ ಕಡೆಯ ಹಳ್ಳಿಯವರು. ದೊಡ್ಡ ಗಂಟಲು, ದೊಡ್ಡ ಹೆಜ್ಜೆ. ಹೊಟ್ಟೆಯಲ್ಲೊಂದು ಇಟ್ಟುಕೊಂಡು ಬಾಯಲ್ಲೊಂದು ಆಡುವ ಜಾಯಮಾನವೇ ಅಲ್ಲ. ಪಾಸ್ಟರು ಅದಕ್ಕೆ ತದ್ವಿರುದ್ಧ, ಸಾಧು ಮನುಷ್ಯ. ಅವರ ಪ್ರಸಂಗ ಶುರುವಾದರೆ ಹಿಂದಿನ ಬೆಂಚಿನವರು ಒಂದು ನಿದ್ದೆ ತೆಗೆದು ಎದ್ದಾಗಲೂ ಅದೇ ಮಾತು ನಡೆಯುತ್ತಿರುತ್ತಿತ್ತು. ಆಗ ಮುಂದಿನ ಬೆಂಚಿನಲ್ಲಿ ಪಾಸ್ಟರಮ್ಮ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪಾಸ್ಟರು ತಕ್ಷಣ “ಕೊನೆಯದಾಗಿ” ಎನ್ನುತ್ತಿದ್ದರು. ನಾವು ಊಟಕ್ಕೆ ಮನೆ ಸೇರುತ್ತಿದ್ದದ್ದು ಆ ಗಂಟಲಿನ ಪುಣ್ಯದಿಂದ.

ನಮ್ಮ ಚರ್ಚು ಸಣ್ಣದು. ಹಬ್ಬದ ದಿನ ಬಿಟ್ಟರೆ ಬೆಂಚುಗಳು ತುಂಬಿದ್ದನ್ನು ನಾನು ಕಂಡಿಲ್ಲ. ಆದರೆ ಕೂಟಗಳಿಗೆ ಬರವಿರಲಿಲ್ಲ. ಮಹಿಳಾ ಕೂಟ, ಯುವಜನ ಕೂಟ, ಸಂಡೇ ಸ್ಕೂಲು, ಗಾಯನ ತಂಡ ಅಂತ ನಾಲ್ಕಿದ್ದವು, ನಾಲ್ಕಕ್ಕೂ ಬೇರೆ ಬೇರೆ ಬೀರು, ಬೇರೆ ಬೇರೆ ಬೀಗ. ಮಹಿಳಾ ಕೂಟದವರ ಜಮಖಾನ ಬೀರುವಿನೊಳಗೆ ಬೆಚ್ಚಗೆ ಮಲಗಿರುತ್ತಿತ್ತು, ಯುವಜನರು ಬರೀ ನೆಲದ ಮೇಲೆ ಕೂರುತ್ತಿದ್ದರು. ಯುವಜನರ ಸೌಂಡ್ ಬಾಕ್ಸನ್ನು ಉಳಿದವರು ಮುಟ್ಟುವಂತಿರಲಿಲ್ಲ. ಗಾಯನ ತಂಡಕ್ಕೆ ನಾನೇ ಮುಖ್ಯಸ್ಥೆ. ಕೀಬೋರ್ಡನ್ನು ಚರ್ಚಿನಲ್ಲೇ ಬಿಟ್ಟು ಅದರ ಅಡಾಪ್ಟರನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋಗುತ್ತಿದ್ದೆ, ಇನ್ಯಾರೂ ನುಡಿಸದ ಹಾಗೆ. ಹಾಗೆ ಮಾಡಿದ್ದು ಸರಿ ಎಂದೇ ಈಗಲೂ ನನ್ನ ವಾದ. ಸಂಡೇ ಸ್ಕೂಲಿನ ಮಕ್ಕಳು ಅದರ ಮೇಲೆ ಕ್ರೀಮ್ ಬಿಸ್ಕತ್ತು ಇಟ್ಟುಕೊಂಡು ತಿಂದಿದ್ದರು.

ಹೀಗಿರುವಾಗ ಮೈಸೂರಿನಿಂದ ಒಂದು ಫೋನು ಬಂತು. ನಮ್ಮ ಕಡೆಯ ಸಭೆಗಳನ್ನೆಲ್ಲ ನೋಡಿಕೊಳ್ಳುವ ಹಿರಿಯರೊಬ್ಬರು ಅಲ್ಲಿದ್ದರು, ನಾವು ಅವರನ್ನು ದೊಡ್ಡ ಪಾಸ್ಟರು ಎನ್ನುತ್ತಿದ್ದೆವು. ಮದ್ದೂರಿನಲ್ಲಿ ಜನ ಕಡಿಮೆಯಾಗುತ್ತಿದ್ದಾರೆ, ಅರ್ಧ ಮಂದಿ ಬಸ್ಸು ಹತ್ತಿ ಮಂಡ್ಯದ ದೊಡ್ಡ ಚರ್ಚಿಗೆ ಹೋಗುತ್ತಿದ್ದಾರೆ, ಹಾಗಾಗಿ ಈ ಸಭೆಯನ್ನು ಮಂಡ್ಯದ ಜೊತೆಗೇ ಸೇರಿಸಿಬಿಡುವುದು ಒಳ್ಳೆಯದಲ್ಲವೇ ಎಂದು ಅವರ ಯೋಚನೆ. ಮದ್ದೂರಿನಲ್ಲಿ ತಿಂಗಳಿಗೊಂದು ಆರಾಧನೆ, ಉಳಿದ ಭಾನುವಾರಗಳು ಬಾಗಿಲಿಗೆ ಬೀಗ. ಚರ್ಚಿನ ಸುಗ್ಗಿ ಹಬ್ಬ ಕಳೆದ ಮೇಲೆ ತಾವೇ ಬಂದು ನೋಡಿ ತೀರ್ಮಾನ ಮಾಡುವುದಾಗಿ ಹೇಳಿದ್ದರು. ಪಾಸ್ಟರು ಇದನ್ನು ಸಭೆಗೆ ತಿಳಿಸಿದ ದಿನ ಪ್ರಸಂಗವೂ ಚಿಕ್ಕದಾಗಿತ್ತು. ನಾನು ಹುಟ್ಟಿ, ಜ್ಞಾನಸ್ನಾನವಾಗಿ, ಹಾಡು ಕಲಿತ ಜಾಗ ಅದು. ಅದಕ್ಕೆ ಬೀಗ ಬೀಳುತ್ತದೆ ಎಂದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಎಲ್ಲರಿಗೂ ಉರಿಯಿತು. ಉರಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಯೋಚಿಸಿದರೇ? ಇಲ್ಲ. ಒಂದೊಂದು ಕೂಟ ಒಂದೊಂದು ಮೂಲೆಯಲ್ಲಿ ಗುಟ್ಟಾಗಿ ಸೇರಿ, ದೊಡ್ಡ ಪಾಸ್ಟರು ಬರುವುದರೊಳಗೆ ಏನಾದರೊಂದು ಸೇವೆ ಮಾಡಿ ತೋರಿಸಬೇಕು ಎಂದು ನಿರ್ಣಯಿಸಿತು. ಸೇವೆ ಎಂದರೆ ನಮಗೆಲ್ಲ ಗೊತ್ತಿದ್ದದ್ದು ಒಂದೇ, ಆಸ್ಪತ್ರೆಗೆ ಹೋಗಿ ಬ್ರೆಡ್ಡು ಬಾಳೆಹಣ್ಣು ಹಂಚುವುದು. ಚರ್ಚಿನ ಬೀದಿಯ ಕೊನೆಯಲ್ಲಿ ಒಂದು ಚಿಕ್ಕ ಹೆರಿಗೆ ಆಸ್ಪತ್ರೆ ಇತ್ತು. ಗುರುವಾರ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ, ಜನ ಜಾಸ್ತಿ. ಆದ್ದರಿಂದ ನಾಲ್ಕೂ ಕೂಟದವರು ಒಬ್ಬರಿಗೊಬ್ಬರು ಹೇಳದೆ ಅದೇ ಗುರುವಾರವನ್ನು ಆರಿಸಿಕೊಂಡೆವು.

ಮೊದಲು ಸಂಡೇ ಸ್ಕೂಲಿನವರು ಹೋಗಿ ಮಂಚಕ್ಕೊಂದು ಬ್ರೆಡ್ಡು, ಎರಡು ಬಾಳೆಹಣ್ಣು ಇಟ್ಟು ಬಂದರು. ಹಿಂದೆಯೇ ಯುವಜನರು ಬ್ಯಾನರ್ ಸಮೇತ ಬಂದರು. ನಾವು ಗಾಯನ ತಂಡದವರು ಹಾಡಿಕೊಂಡೇ ಒಳಗೆ ಹೋದೆವು, ನೋಡಿದರೆ ದಿಂಬಿನ ಪಕ್ಕ, ಮಂಚದ ಕೆಳಗೆ, ಕಿಟಕಿಯ ಮೇಲೆ, ಎಲ್ಲೆಲ್ಲೂ ಬ್ರೆಡ್ಡು. ಹಿಂದಿರುಗೋಣವೆಂದರೆ ಬಾಗಿಲಲ್ಲಿ ಪಾಸ್ಟರಮ್ಮ, ಅವರ ಹಿಂದೆ ಇಡೀ ಮಹಿಳಾ ಕೂಟ, ಕೈಯಲ್ಲಿ ಬ್ರೆಡ್ಡಿನ ಬುಟ್ಟಿ! ನರ್ಸಮ್ಮ ತಲೆ ಮೇಲೆ ಕೈಹೊತ್ತು ಕೂತರು. ಮಗಳ ಹೆರಿಗೆಗೆ ವೈದ್ಯನಾಥಪುರದಿಂದ ಬಂದಿದ್ದ ಒಬ್ಬ ಅಜ್ಜಿ ಮಾತ್ರ ಸುಮ್ಮನಿರಲಿಲ್ಲ.

“ಯಾರ್ಗವ್ವ ಬೇಕು ಈಪಾಟಿ ಬ್ರೆಡ್ಡು? ಅಸೀ ಬಾಣ್ತಿಗೆ ಬಾಳೆಅಣ್ಣು ತಿನ್ಸಿ ಸೀತ ಮಾಡೀರಾ? ಒಂದು ಚೊಂಬು ಬಿಸ್ನೀರು ತಂದ್ಕೊಡಿ, ನಿಮ್ಮೊಟ್ಟೆ ತಣ್ಗಿರ್ಲಿ. ಮಗೀಗೆ ನೀರುಯ್ಯಕ್ಕೆ ಓಟ್ಲುಗೋಗಿ ಕೇಳ್ಕಂಡ್ ಬತ್ತಾ ಇವ್ನಿ.”

ನಮಗೆಲ್ಲ ಮುಖ ಕೆಂಪಗಾಯಿತು. ಪಾಸ್ಟರಮ್ಮನಿಗೆ ಆಗಲಿಲ್ಲ. ಅವರು ಬುಟ್ಟಿಯನ್ನು ನನ್ನ ಕೈಗೆ ತುರುಕಿ ಅಜ್ಜಿಯ ಮಗಳ ಮಂಚದ ತುದಿಯಲ್ಲಿ ಕೂತುಬಿಟ್ಟರು. ಯಾವ ಹೊತ್ತಿಗೆ ನೀರು ಬೇಕು, ಎಷ್ಟು ಬೇಕು, ಕರೆಂಟು ಇಲ್ಲದಾಗ ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಅಜ್ಜಿ ತನ್ನ ಮಗಳ ಕಥೆ, ಅಳಿಯನ ಕಥೆ, ಎಮ್ಮೆಯ ಕಥೆ ಎಲ್ಲ ಹೇಳಿತು. ನಾವು ಬುಟ್ಟಿ ಹಿಡಿದು ನಿಂತೇ ಇದ್ದೆವು...

ಮುಂದಿನ ಭಾನುವಾರ ಆರಾಧನೆ ಮುಗಿಯುತ್ತಿದ್ದ ಹಾಗೆ ಪಾಸ್ಟರಮ್ಮ ಎದ್ದು ನಿಂತರು. “ನಾಕು ಕೂಟನೂ ಸೇರಿ ಒಂದೇ ಕೆಲ್ಸ ಮಾಡನ. ದಿನಾ ಬೆಳಗ್ಗೆ ಆಸ್ಪತ್ರೆಗೆ ಬಿಸ್ನೀರು. ಬ್ಯಾನರ್ ಬ್ಯಾಡ, ಫೋಟೋ ಬ್ಯಾಡ. ನೀರು ಕೊಡಕ್ಕೋದಾಗ ನೀರು ಕೊಟ್ಟು ಬರ್ಬೇಕು, ಅಲ್ಲಿ ಯಾರೂ ಪ್ರಸಂಗ ಮಾಡಂಗಿಲ್ಲ” ಎಂದರು. ಕಮಿಟಿಯ ಹಿರಿಯರೊಬ್ಬರು, ನೀರು ಕಾಯಿಸುವುದು ಚರ್ಚಿನ ಕೆಲಸವೇ, ಅದಕ್ಕೆ ಹೋಟೆಲಿನವರಿಲ್ಲವೇ ಎಂದು ಆಕ್ಷೇಪಿಸಿದರು. ನಾವೆಲ್ಲ ಪಾಸ್ಟರ ಮುಖ ನೋಡಿದೆವು. ಅವರು ಉತ್ತರ ಕೊಡಲು ಶುರುಮಾಡಿದರೆ ಸಾಯಂಕಾಲವಾಗುತ್ತದೆ ಎಂದು ನನಗೆ ಭಯ. ಆದರೆ ಅವರು ಹೇಳಿದ್ದು ಇಷ್ಟೇ, “ಶಿಷ್ಯರ ಕಾಲು ತೊಳೆಯುವಾಗ ಸ್ವಾಮಿಯ ಕೈಯಲ್ಲಿದ್ದದ್ದೂ ನೀರೇ ಅಲ್ಲವೇನಪ್ಪ?” ಹಿರಿಯರು ಕೂತರು. ನನ್ನ ನೆನಪಿನಲ್ಲಿ ಪಾಸ್ಟರು ಮಾಡಿದ ಅತ್ಯಂತ ಚಿಕ್ಕ ಪ್ರಸಂಗ ಅದೇ, ಅತ್ಯಂತ ಒಳ್ಳೆಯದೂ ಅದೇ.

ಆಮೇಲೆ ಕೆಲಸ ಹಂಚಿದರು ನೋಡಿ, ಅದು ಪಾಸ್ಟರಮ್ಮನ ಕೈಚಳಕ. ಮದ್ದೂರಿನಲ್ಲಿ ಎಳನೀರು ಬುರುಡೆಗೆ ಏನು ಕಮ್ಮಿ? ಕುಡಿದು ಬಿಸಾಕಿದ ಬುರುಡೆಯನ್ನು ಎಳನೀರಿನವರಿಂದ ಕೇಳಿ ತಂದು ಚರ್ಚಿನ ಕಾಂಪೌಂಡಿನಲ್ಲಿ ಒಣಗಿಸುವುದು ಸಂಡೇ ಸ್ಕೂಲಿನ ಮಕ್ಕಳ ಪಾಲು. ಗೋಣಿಚೀಲ ಎಳೆದುಕೊಂಡು ಬೀದಿಯಲ್ಲಿ ಓಡುತ್ತಿದ್ದ ಆ ಮಕ್ಕಳಷ್ಟು ಸಂತೋಷ ಯಾರಿಗೂ ಇರಲಿಲ್ಲ. ಪಾಸ್ಟರ ಮನೆಯ ಹಿತ್ತಲಿನ ದೊಡ್ಡ ಹಂಡೆಗೆ ಬೆಂಕಿ ಹಾಕುವುದು ಮಹಿಳಾ ಕೂಟದ ಪಾಲು. ಯುವಜನ ಕೂಟದ ಕಾರ್ಯದರ್ಶಿ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ. ತಗ್ಗು ಬಿದ್ದು ಮೂಲೆ ಸೇರಿದ್ದ ಎರಡು ಹಾಲಿನ ಕ್ಯಾನುಗಳನ್ನು ಅವನು ಕೇಳಿ ತಂದ. ಅವಕ್ಕೆ ಮುಚ್ಚಳ, ಎರಡು ಕಡೆ ಹಿಡಿ, ನೀರು ಹೊತ್ತೊಯ್ಯಲು ಹೇಳಿ ಮಾಡಿಸಿದ ಹಾಗಿದ್ದವು. ಮೊದಲ ದಿನ ಮಾತ್ರ ನೀರೆಲ್ಲ ಹಾಲಿನ ವಾಸನೆ. “ನಂ ಮಗಿ ಹಾಲಲ್ಲೇ ಸ್ನಾನ ಮಾಡ್ತು ಬುಡಿ” ಎಂದು ಒಬ್ಬ ಬಾಣಂತಿ ನಕ್ಕಳು.

“ಪಾಸ್ಟರಮ್ಮ, ನಾವು ಗಾಯನ ತಂಡ ಏನು ಮಾಡೋದು? ವಾರ್ಡಿನಲ್ಲಿ ಹಾಡೋದಾ?” ಎಂದು ನಾನು ಆಸೆಯಿಂದ ಕೇಳಿದೆ.

“ಮಲಗಿರೋ ಮಕ್ಳನ್ನ ಎಬ್ಬರ್ಸಕ್ಕಾ? ನಿಂಗೆ ಗಂಟ್ಲು ಚೆನ್ನಾಗದೆ ಕಣಮ್ಮಿ. ಬಾಗ್ಲಲ್ಲಿ ನಿಂತ್ಕಂಡು ಬಿಸ್ನೀರು ಬಂತು ಅಂತ ಒಂದು ಕೂಗಾಕು, ಸಾಕು.”

ವರ್ಷಗಟ್ಟಲೆ ಹಾಡು ಕಲಿತದ್ದು ಬಿಸಿನೀರು ಬಂತು ಎಂದು ಕೂಗಲಿಕ್ಕೇ? ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಕೂಗುವ ಬದಲು ಮೆಲ್ಲಗೆ ರಾಗವಾಗಿ ಹೇಳಿದೆ. ಒಳಗಿನಿಂದ ಯಾರೋ “ಇನ್ನೊಂದ್ಸಲ ಹೇಳವ್ವ” ಎಂದರು. ಅಲ್ಲಿಂದ ಮುಂದೆ ನಾವು ತಂಡದವರು ದಿನಕ್ಕೊಂದು ರಾಗ ಕಟ್ಟಿದೆವು.

ಆದರೆ ಪಾಸ್ಟರಮ್ಮನ ನಿಜವಾದ ಕಾನೂನು ಇದಲ್ಲ. ಕ್ಯಾನಿಗೆ ಎರಡು ಹಿಡಿ ಎಂದೆನಲ್ಲ. ಮೊದಲ ವಾರ ಯುವಜನರಿಬ್ಬರು ಒಂದು ಕ್ಯಾನು ಎತ್ತಿಕೊಂಡರೆ, ಮಹಿಳಾ ಕೂಟದವರಿಬ್ಬರು ಇನ್ನೊಂದನ್ನು ಎತ್ತಿಕೊಂಡು, ಯಾರು ಬೇಗ ತಲುಪುತ್ತಾರೆ ಎಂದು ಅಲ್ಲೂ ಪೈಪೋಟಿ ಶುರುವಾಯಿತು. ಪಾಸ್ಟರಮ್ಮ ಗೇಟಿಗೆ ಅಡ್ಡ ನಿಂತರು. “ಇವತ್ನಿಂದ ಒಂದೇ ಕೂಟದೋರು ಎರಡೂ ಕಡೆ ಇಡ್ಯಂಗಿಲ್ಲ. ಒಂದೇ ಮನೆಯೋರೂ ಇಡ್ಯಂಗಿಲ್ಲ. ಒಂದು ಕಡೆ ಒಬ್ರು, ಇನ್ನೊಂದು ಕಡೆ ಬ್ಯಾರೆ ಕೂಟದೋರು. ಒಪ್ಪಿದ್ರೆ ಎತ್ತಿ, ಇಲ್ದಿದ್ರೆ ನಾನೊಬ್ಳೇ ಎಳ್ಕಂಡೋಯ್ತೀನಿ.”

ಆಕೆ ಎಳೆದುಕೊಂಡು ಹೋಗಿಬಿಡುವವರೇ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಒಪ್ಪಿದೆವು. ಆ ದಿನ ನನ್ನ ಎದುರಿನ ಹಿಡಿಗೆ ಬಂದವನು ಯುವಜನ ಕೂಟದ ಅದೇ ಕಾರ್ಯದರ್ಶಿ. ಕ್ರಿಸ್‌ಮಸ್ ಹೊತ್ತಿಗೆ ಕೀಬೋರ್ಡಿನ ವಿಷಯಕ್ಕೆ ಜಗಳವಾಡಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಕೊಕ್ಕರೆ ಬೆಳ್ಳೂರಿನವನು, ಊರಿಗೆ ತಕ್ಕ ಹಾಗೆ ಕಾಲು ಉದ್ದ. ಅವನು ಹೆಜ್ಜೆ ಹಾಕಿದರೆ ಕ್ಯಾನು ನನ್ನ ಕಡೆಗೆ ವಾಲಿ, ಮುಚ್ಚಳದ ಸಂದಿನಿಂದ ಬಿಸಿನೀರು ನನ್ನ ಕಾಲಿನ ಮೇಲೆ ಚೆಲ್ಲುತ್ತಿತ್ತು. ಬಯ್ಯಬೇಕಾದರೆ ಮಾತಾಡಬೇಕು. ಮಾತಾಡಿದೆ. “ಸ್ವಲ್ಪ ಬಗ್ಗಿ ನಡಿ ಮಾರಾಯ!” ಅವನು ಬಗ್ಗಿ ನಡೆದ. ಮರುದಿನವೂ ಬಗ್ಗಿ ನಡೆದ. ಇನ್ನು ನಾನು ಬೇರೆ ಹೇಳಬೇಕಿಲ್ಲ, ಮೊನ್ನೆ ಹೊಗೆಗೆ ಕೆಮ್ಮಿದ ನನ್ನ ಗಂಡ ಇವನೇ.

ಕೈ ಸುಡುವ ಕ್ಯಾನನ್ನು ಜೊತೆಯಲ್ಲಿ ಹೊತ್ತವರ ಜೊತೆ ಮುನಿಸಿಕೊಂಡು ಎಷ್ಟು ದಿನ ಇರಲು ಸಾಧ್ಯ? ಯಾರೂ ಹೇಳದೆಯೇ ಬೀರುಗಳ ಬೀಗ ತೆರೆದವು. ಜಮಖಾನ ಹೊರಗೆ ಬಂತು. ನಾನೂ ಅಡಾಪ್ಟರನ್ನು ಚರ್ಚಿನಲ್ಲೇ ಬಿಟ್ಟೆ, ಬಿಸ್ಕತ್ತಿನ ಷರತ್ತಿನ ಮೇಲೆ. ನಮ್ಮ ಚರ್ಚಿನ ಬೋರ್ಡಿನಲ್ಲಿ ಒಂದು ಉದ್ದನೆಯ ಹೆಸರಿತ್ತು, ಬೀದಿಯವರು ಯಾರೂ ಅದನ್ನು ಪೂರ್ತಿ ಓದಿದ್ದಿಲ್ಲ. ಈಗ ಎಳನೀರಿನವರು, ಆಟೋದವರು, ಆಸ್ಪತ್ರೆಗೆ ಬಂದ ಹಳ್ಳಿಯವರು ನಮ್ಮನ್ನು ಬಿಸ್ನೀರು ಚರ್ಚಿನವರು ಎನ್ನತೊಡಗಿದರು. ನಾವು ಯಾವುದಕ್ಕಾಗಿ ಇದ್ದೇವೆ ಎಂದು ಅಲ್ಲಿಯವರೆಗೆ ನಮಗೇ ಸ್ಪಷ್ಟವಿರಲಿಲ್ಲ. ಊರಿನವರು ಹೇಳಿಕೊಟ್ಟರು.

ಸುಗ್ಗಿ ಹಬ್ಬ ಕಳೆಯಿತು, ದೊಡ್ಡ ಪಾಸ್ಟರು ಬರುವ ಭಾನುವಾರವೂ ಬಂತು. ಹೊಸ ಹಾಡು ಕಲಿತಿದ್ದೆವು, ಬಾಗಿಲಿಗೆ ಹೂವು ಕಟ್ಟಿದ್ದೆವು. ಬೆಳಗ್ಗೆ ನೋಡಿದರೆ ಊರಿಗೆಲ್ಲ ಕರೆಂಟಿಲ್ಲ. ಆಸ್ಪತ್ರೆಯಿಂದ ನರ್ಸಮ್ಮ ಹೇಳಿ ಕಳಿಸಿದರು, ರಾತ್ರಿ ಹೆರಿಗೆಗಳು ಜಾಸ್ತಿ ಆಗಿವೆ, ಒಂದು ಸಾರ್ತಿ ನೀರು ಸಾಲದು ಅಂತ. ಪಾಸ್ಟರಮ್ಮ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತರು. ಅವರು ಕೂತ ಮೇಲೆ ಇಡೀ ಸಭೆ ಹಿತ್ತಲಿಗೆ ಬಂತು. ಪಾಸ್ಟರು ನಿಲುವಂಗಿ ಮಡಚಿಟ್ಟು ಬಾವಿಯಿಂದ ನೀರು ಸೇದುತ್ತಿದ್ದರು.

ಹೀಗಾಗಿ ದೊಡ್ಡ ಪಾಸ್ಟರು ಕಾರಿನಿಂದ ಇಳಿದು ಚರ್ಚಿನೊಳಗೆ ಹೋದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ತೀರ್ಮಾನ ಮಾಡುವ ಕಷ್ಟವೇ ತಪ್ಪಿತು ಎಂದುಕೊಂಡರೋ ಏನೋ... ಹೊಗೆ ಕಂಡು ಹಿತ್ತಲಿಗೆ ಬಂದರು. ಬಿಳಿಯ ನಿಲುವಂಗಿಯಲ್ಲಿ ಅವರನ್ನು ಕಂಡು, ಎಲ್ಲ ಮುಗಿಯಿತು, ಇನ್ನು ನಮ್ಮ ಚರ್ಚಿಗೆ ಬೀಗವೇ ಎಂದುಕೊಂಡೆ. ಪಾಸ್ಟರಮ್ಮ ಮಾತ್ರ ಕಣ್ಣೊರೆಸಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಬಂದ್ರಾ ಅಯ್ಯ? ಒಳ್ಳೇದಾಯ್ತು, ಒಬ್ರು ಆಳು ಕಮ್ಮಿ ಬಿದ್ದಿತ್ತು. ನೀವು ಮೈಸೂರಿನೋರು, ನಾನು ಮದ್ದೂರಿನೋಳು. ನಮ್ ಕಾನೂನ್ಗೆ ಸರಿಯಾಗದೆ. ಆ ಕಡೆ ಇಡ್ಕಳಿ.”

ಅವರು ಬೇರೇನೂ ತೋಚದೆ ಹಿಡಿದುಕೊಂಡರು. ಮೈಸೂರಿನ ದೊಡ್ಡ ಪಾಸ್ಟರು ಹಾಲಿನ ಕ್ಯಾನಿನ ಒಂದು ಕಡೆ, ನಮ್ಮ ಪಾಸ್ಟರಮ್ಮ ಇನ್ನೊಂದು ಕಡೆ, ಹೀಗೆ ಬೀದಿಯುದ್ದಕ್ಕೂ ನಡೆದರು. ಎಳನೀರಿನವನು ಮಚ್ಚು ಕೆಳಗಿಟ್ಟು ಕೈಮುಗಿದ. ಹಿಂದಿನಿಂದ ಇನ್ನೊಂದು ಕ್ಯಾನು ಹೊತ್ತು ನಾವು ನಗು ತಡೆದುಕೊಳ್ಳುತ್ತಾ ಹೋದೆವು. ವಾರ್ಡಿನ ಬಾಗಿಲಲ್ಲಿ ಒಬ್ಬ ಅಜ್ಜಿ ಬಕೆಟ್ಟು ಹಿಡಿದು ಕಾಯುತ್ತಿತ್ತು. ದೊಡ್ಡ ಪಾಸ್ಟರನ್ನು ನೋಡಿ, “ಬಿಸ್ನೀರು ಚರ್ಚಿನೋರಾ? ಒಸಬ್ರಾ? ವಸಿ ಬಿರ್ರನೆ ಬನ್ನಿ ಸಾಮಿ, ಮಗ ಅಳ್ತಾ ಅದೆ” ಎಂದು ಗದರಿತು. ಅವರು ಬಿರ್ರನೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಕರೆಂಟು ಬಂತು, ಆರಾಧನೆ ಶುರುವಾಯಿತು. ದೊಡ್ಡ ಪಾಸ್ಟರ ನಿಲುವಂಗಿಯ ಅಂಚು ಇನ್ನೂ ಒದ್ದೆಯಿತ್ತು, ಒಂದು ಕಡೆ ಮಸಿ. ಸಭೆಯನ್ನು ಸೇರಿಸುವ ವಿಷಯ ಯಾವಾಗ ಬರುತ್ತದೋ ಎಂದು ನಾವು ಉಸಿರು ಹಿಡಿದು ಕೂತಿದ್ದೆವು. ಕೊನೆಯಲ್ಲಿ ಅವರು ಅಂದರು, “ನಿಮ್ಮನ್ನು ಮಂಡ್ಯಕ್ಕೆ ಕಳಿಸೋದು ಬೇಡ. ಮಂಡ್ಯದವರನ್ನೇ ಒಂದೊಂದು ವಾರ ಇಲ್ಲಿಗೆ ಕಳಿಸುತ್ತೇನೆ. ನೀರು ಹೊರೋದು ಕಲಿಯಲಿ.” ನಾನು ಅಳುತ್ತಾ ಕೀಬೋರ್ಡಿಗೆ ಹೋದೆ, ಶುರುಮಾಡಿದ ಹಾಡಿನ ಶ್ರುತಿಯೇ ತಪ್ಪಿತು. ಯಾರೂ ಗಮನಿಸಲಿಲ್ಲ, ಎಲ್ಲರೂ ಅವರವರ ಶ್ರುತಿಯಲ್ಲೇ ಕಿರುಚುತ್ತಿದ್ದರು. ಪಾಸ್ಟರಮ್ಮ ಮುಂದಿನ ಬೆಂಚಿನಲ್ಲಿ ಗಟ್ಟಿ ನಿದ್ದೆಯಲ್ಲಿದ್ದರು.

ಪಾಸ್ಟರುಗಳು ಒಂದೇ ಊರಿನಲ್ಲಿ ಇರುವುದಿಲ್ಲ. ಕೆಲವು ವರ್ಷದ ಮೇಲೆ ನಮ್ಮ ಪಾಸ್ಟರಿಗೂ ವರ್ಗವಾಯಿತು. ಹೋಗುವ ದಿನ ಪಾಸ್ಟರಮ್ಮ ಅತ್ತಿದ್ದು ಹಂಡೆಯ ಮುಂದೆ, ಹೊಗೆಯ ನೆಪ ಹೇಳಿಕೊಂಡು, ಒಲೆಯಲ್ಲಿ ಬೆಂಕಿಯೇ ಇರಲಿಲ್ಲ. ಆಮೇಲೆ ನಾನು ಮದುವೆಯಾಗಿ ಮಂಡ್ಯಕ್ಕೆ ಬಂದೆ. ಹಬ್ಬಕ್ಕೊಮ್ಮೆ ಪಾಸ್ಟರಮ್ಮನಿಗೆ ಫೋನು ಮಾಡುತ್ತಿದ್ದೆ. “ಇನ್ನೂ ಬಗ್ಗಿ ನಡೀತಾನಾ ಅವ್ನು?” ಎಂದು ಅವರ ಮೊದಲ ಪ್ರಶ್ನೆ. ಕೊರೋನಾ ಕಾಲದಲ್ಲಿ ಮಳವಳ್ಳಿಯ ಹತ್ತಿರ ತಮ್ಮ ಊರಿನಲ್ಲೇ ತೀರಿಕೊಂಡರು. ಯಾರೂ ಹೋಗುವ ಹಾಗಿರಲಿಲ್ಲ. ಅವರ ಶವಪೆಟ್ಟಿಗೆಯ ಒಂದು ಕಡೆ ಹಿಡಿಯಲು ನಮ್ಮಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಆ ನೋವು ನನಗೆ ಇನ್ನೂ ಆರಿಲ್ಲ...

ಮೊನ್ನೆಯ ಹೊಗೆಯಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಭಾನುವಾರ ನಾವಿಬ್ಬರೂ ಮದ್ದೂರಿಗೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಆಟೋದ ಹುಡುಗನಿಗೆ ಚರ್ಚಿನ ಪೂರ್ತಿ ಹೆಸರು ಹೇಳಿದೆ. ಅವನಿಗೆ ಗೊತ್ತಾಗಲಿಲ್ಲ. ಬೀದಿಯ ಹೆಸರು ಹೇಳಿದ ಮೇಲೆ, “ಬಿಸ್ನೀರು ಚರ್ಚಾ? ಅಂಗೇಳಿ ಮತ್ತೆ, ಅತ್ತಿ” ಎಂದ.

ಆಸ್ಪತ್ರೆ ಈಗ ಹೊಸ ಕಟ್ಟಡಕ್ಕೆ ಹೋಗಿದೆ, ಅಲ್ಲಿ ಸೋಲಾರ್ ಇದೆ, ಬಿಸಿನೀರು ಯಾರಿಗೂ ಬೇಕಿಲ್ಲ. ಹಾಗೆಂದು ಚರ್ಚಿನವರು ಕೈಕಟ್ಟಿ ಕೂತಿಲ್ಲ. ಈಗ ಏನು ಬೇಕು ಎಂದು ಹೋಗಿ ಕೇಳಿದರಂತೆ. ರೋಗಿಗಳ ಜೊತೆ ಬಂದು ಹೊರಗೆ ಕಾಯುವವರು ಬೆಳಗ್ಗೆ ರಾಗಿ ಅಂಬಲಿ ಸಿಕ್ಕರೆ ಸಾಕು ಎಂದರಂತೆ. ಹಿತ್ತಲಿಗೆ ಹೋದರೆ ಅದೇ ಒಲೆ, ಅದೇ ಬುರುಡೆಯ ಹೊಗೆ, ತಗ್ಗು ಬಿದ್ದ ಅದೇ ಹಾಲಿನ ಕ್ಯಾನುಗಳು. ಒಳಗೆ ಅಂಬಲಿ. ಅಲ್ಲಿದ್ದವರಲ್ಲಿ ನನಗೆ ಗುರುತು ಸಿಕ್ಕವರು ಕಮ್ಮಿ.

ನಾವಿಬ್ಬರೂ ಹಳೆಯ ಅಭ್ಯಾಸದಿಂದ ಒಂದು ಕ್ಯಾನಿನ ಎರಡು ಕಡೆ ಹಿಡಿದು ಎತ್ತಿದೆವು. ನನ್ನ ಗಂಡ ಬಗ್ಗಿದರು. ಅಷ್ಟರಲ್ಲಿ ಜಡೆ ಹಾಕಿಕೊಂಡ ಒಂದು ಹುಡುಗಿ ಓಡಿ ಬಂದು ಗೇಟಿಗೆ ಅಡ್ಡ ನಿಂತಳು.

“ಆಂಟಿ, ಇಳ್ಸಿ ಇಳ್ಸಿ. ಇಬ್ರೂ ಒಂದೇ ಮನೆಯೋರು ಇಡ್ಯಂಗಿಲ್ಲ. ಒಂದು ಕಡೆ ಬ್ಯಾರೆಯೋರು ಇರ್ಬೇಕು.”

“ಯಾರಮ್ಮ ಮಾಡಿದ್ದು ಈ ಕಾನೂನು?” ಎಂದು ಕೇಳಿದೆ.

“ಗೊತ್ತಿಲ್ಲ ಆಂಟಿ. ಇಲ್ಲಿ ಮೊದ್ಲಿಂದ್ಲೂ ಅಂಗೇ” ಎಂದು ಅವಳು ನನ್ನ ಗಂಡನ ಕೈ ಬಿಡಿಸಿ ಆ ಕಡೆಯ ಹಿಡಿಯನ್ನು ತಾನೇ ಹಿಡಿದುಕೊಂಡಳು. “ಎತ್ತಿ, ಆರೋಯ್ತದೆ.”

ನಾವು ಎತ್ತಿಕೊಂಡು ಹೊರಟೆವು.